ಹಕ್ಕಿಗೊಂದು ಕವಳೆ ಗಿಡ

ಕೈತೋಟಕ್ಕೆ ಹಕ್ಕಿ ಬರಲಿ ಎಂದು ಆಸೆಪಡುವ ಮೈಸೂರಿನವರಿಗೆ ನಾನು ಮೊದಲು ಹೇಳುವ ಹೆಸರು ಕವಳೆ. ಚಾಮುಂಡಿ ಬೆಟ್ಟದ ಕುರುಚಲು ಕಾಡಿನಲ್ಲಿ ತಾನಾಗಿ ಬೆಳೆಯುವ ಮುಳ್ಳಿನ ಪೊದೆ ಇದು. ಕಲ್ಲು ಬೆರೆತ ಕೆಂಪು ಮಣ್ಣು, ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಅಷ್ಟಿದ್ದರೆ ಅದಕ್ಕೆ ಸಾಕು.

ಕವಳೆ ಕಣಗಿಲೆಯ ಕುಟುಂಬದ ಗಿಡ. ಕಾಯಿ ಕಿತ್ತರೆ ಬಿಳಿ ಹಾಲು ಒಸರುತ್ತದೆ. ಆ ಹಾಲು, ಹುಳಿ, ಒಗರು ಇರುವ ತನಕ ಕಾಯಿಯ ತಂಟೆಗೆ ಹೋಗುವವರು ಕಡಿಮೆ. ಬೀಜ ಬಲಿತ ಮೇಲೆ ಹಸಿರು ಕಾಯಿ ಕೆಂಪಾಗಿ, ಆಮೇಲೆ ಕಪ್ಪಾಗಿ ಸಿಹಿಯಾಗುತ್ತದೆ. ಈ ಬಣ್ಣ ಹಕ್ಕಿಗಳಿಗೆ ಕರೆ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು 3 ಬಗೆ, ಹಗಲು ಹಾರುವ ಹಕ್ಕಿಗಳಲ್ಲಿ 4 ಬಗೆ. ಪಿಕಳಾರಕ್ಕೆ, ಅಂದರೆ ಬುಲ್‌ಬುಲ್ ಹಕ್ಕಿಗೆ, ಹಲ್ಲಿಲ್ಲವಲ್ಲ, ಹಣ್ಣು ನುಂಗುತ್ತದೆ. ತಿರುಳು ಅರಗುತ್ತದೆ, ಬೀಜ ಹಿಕ್ಕೆಯ ಜೊತೆ ಇನ್ನೆಲ್ಲೋ ಬೀಳುತ್ತದೆ.

ಎಚ್ಚರ ಬೇಕಾದದ್ದು ಇಲ್ಲೇ. ಈ ನೆಲದ ಗಿಡ ಯಾವುದು, ಹೊರಗಿನದು ಯಾವುದು ಎಂದು ಹಕ್ಕಿ ನೋಡುವುದಿಲ್ಲ. ಲಂಟಾನದ ಹಣ್ಣನ್ನೂ ಅದು ಖುಷಿಯಿಂದ ತಿನ್ನುತ್ತದೆ. ಅಮೆರಿಕ ಖಂಡದ ಆ ಗಿಡವನ್ನು 1800ರ ದಶಕದ ಶುರುವಿನಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ತಂದರು. ಇವತ್ತು ಬಂಡೀಪುರಕ್ಕೆ ಹೋದರೆ ಹುಲ್ಲು ಬೆಳೆಯಬೇಕಾದ ಜಾಗದಲ್ಲೆಲ್ಲ ಲಂಟಾನದ ಪೊದೆ. ಜಿಂಕೆ, ಕಾಟಿಗಳ ಮೇವು ಅದರಡಿ ಮುಚ್ಚಿಹೋಗಿದೆ. ಅದು ಅಷ್ಟು ಹಬ್ಬಿದ್ದರಲ್ಲಿ ಹಕ್ಕಿಗಳ ಪಾಲು ಜಾಸ್ತಿ. ಕಾಂಪೌಂಡಿನೊಳಗೆ ನೆಟ್ಟದ್ದು ಅಲ್ಲೇ ಉಳಿಯುವುದಿಲ್ಲ, ಅಲ್ವಾ? ಮೈಸೂರಿನ ಸಿದ್ಧಾರ್ಥನಗರದಲ್ಲಿ ಹಣ್ಣು ತಿಂದ ಹಕ್ಕಿಗೆ ಚಾಮುಂಡಿ ಬೆಟ್ಟವೇನು ದೂರವೇ! ಅದಕ್ಕೇ, ಹಕ್ಕಿ ಬೀಜ ಒಯ್ದು ಹಾಕಿದರೂ ಕಾಡಿಗೆ ತೊಂದರೆಯಾಗದ ಗಿಡವನ್ನೇ ನೆಡಬೇಕು.

ನರ್ಸರಿಯಲ್ಲಿ ಸಾಮಾನ್ಯವಾಗಿ ಸಿಗುವುದು ಉಪ್ಪಿನಕಾಯಿಗೆ ಬೆಳೆಸುವ ದಪ್ಪ ಕಾಯಿಯ ಕವಳೆ. ಬೆಟ್ಟದ ಕವಳೆಯ ಹಣ್ಣು ಸಣ್ಣದು, ಪಿಕಳಾರದ ಬಾಯಿಗೆ ಸಲೀಸು. ಆದರೆ ಬೆಟ್ಟದಿಂದ ಗಿಡ ಕಿತ್ತು ತರಬೇಡಿ. ಹಳ್ಳಿಯ ಬೇಲಿಸಾಲಿನಲ್ಲಿ ಸಿಕ್ಕಿದರೆ, ಕೇಳಿಕೊಂಡು ಒಂದು ಹಿಡಿ ಹಣ್ಣು ತನ್ನಿ. ತಿರುಳು ಹಿಸುಕಿ, ಬೀಜ ತೊಳೆದು, ನೆರಳಲ್ಲಿ ಆರಿಸಿ ಕೂಡಲೇ ಬಿತ್ತಿ. ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿಟ್ಟ ಬೀಜ ಸರಿಯಾಗಿ ಮೊಳೆಯುವುದಿಲ್ಲ.

ಸಸಿಯನ್ನು ಮುಂಗಾರಿನಲ್ಲಿ, ದಿನವಿಡೀ ಬಿಸಿಲು ಬೀಳುವ ಕಡೆ, ನೀರು ನಿಲ್ಲದ ಜಾಗಕ್ಕೆ ನೆಡಿ. ಮುಳ್ಳು ಚೂಪು, ಮಕ್ಕಳು ಓಡಾಡುವ ದಾರಿಯ ಪಕ್ಕ ಬೇಡ. ಆ ಮುಳ್ಳಿನಿಂದಲೇ ಬೆಕ್ಕಿಗೆ ಪೊದೆಯೊಳಗಿನ ಗೂಡು ಕಷ್ಟವಾಗುತ್ತದೆ. ಮೊದಲ ಬೇಸಿಗೆ ನೀರು ಹಾಕಿ, ಆಮೇಲೆ ಅದರ ಪಾಡಿಗೆ ಬಿಡಿ. ಎಲೆ ತಿನ್ನುವ ಹುಳು ಕಂಡರೆ ಔಷಧಿ ಹೊಡೆಯಬೇಡಿ. ಹಣ್ಣು ತಿನ್ನುವ ಪಿಕಳಾರ ಕೂಡ ಮರಿಗಳಿಗೆ ಹುಳು ಹುಡುಕುತ್ತದೆ. ಕತ್ತರಿ ಹಾಕುವುದಿದ್ದರೆ ಹಣ್ಣೆಲ್ಲ ಮುಗಿದ ಮೇಲೆ, ಗೂಡಿಲ್ಲ ಎಂದು ನೋಡಿಕೊಂಡು ಹಾಕಿ.