‘ಸಭೆಯವರು’ ಅಂದರೆ ಯಾರು?

ಒಂದು ಶನಿವಾರ ಸಂಜೆ ಕಚೇರಿಯ ಸಹೋದ್ಯೋಗಿಯೊಬ್ಬರು ಮರುದಿನ ತಮ್ಮ ಮನೆಯ ಕಾರ್ಯಕ್ಕೆ ಬೆಳಗ್ಗೆಯೇ ಬರಬೇಕು ಅಂತ ಕರೆದರು. ‘ಹನ್ನೊಂದರ ಮ್ಯಾಲ ಬರ್ತೀನ್ರಿ, ಮುಂಜಾನಿ ಸಭಾ ಐತಿ’ ಅಂದೆ. ಅವರು ಹುಬ್ಬೇರಿಸಿ, ‘ರವಿವಾರನೂ ಸಭಾ ಇಟ್ಟಾರೇನ್ರಿ? ಯಾವ ಸಾಹೇಬ್ರು?’ ಎಂದು ಕೇಳಿದರು.

ತಪ್ಪು ಅವರದಲ್ಲ. ನೌಕರದಾರನ ಕಿವಿಗೆ ಸಭೆ ಅಂದರೆ ಪ್ರಗತಿ ಪರಿಶೀಲನಾ ಸಭೆ: ಕೋರಂ, ನಡಾವಳಿ, ಅರ್ಧ ಕಪ್ ಚಹಾ, ಎರಡು ಬಿಸ್ಕೀಟು, ಕೊನೆಗೆ ವಂದನಾರ್ಪಣೆ. ವಂದನಾರ್ಪಣೆ ಆಯಿತೋ, ಸಭೆ ಮುಗಿಯಿತು; ಎದ್ದವರು ಮೆಟ್ಟಿಲಿಳಿಯುವಷ್ಟರಲ್ಲಿ ಅದು ಇಲ್ಲವಾಗುತ್ತದೆ. ಕನ್ನಡ ಕ್ರೈಸ್ತರು ಹೇಳುವ ಸಭೆ ಹಾಗೆ ಮುಗಿಯುವುದಿಲ್ಲ. ರವಿವಾರದ ಆರಾಧನೆ ಮುಗಿಯುತ್ತದೆ, ಬಾಗಿಲಿಗೆ ಕೀಲಿ ಬೀಳುತ್ತದೆ, ಸಭೆ ಮಾತ್ರ ಬುಧವಾರ ಮಧ್ಯಾಹ್ನ ಸಂತೆಯಲ್ಲೂ ಇರುತ್ತದೆ, ಜಿಲ್ಲಾಸ್ಪತ್ರೆಯ ವಾರ್ಡಿನಲ್ಲೂ ಇರುತ್ತದೆ. ಯಾಕೆಂದರೆ ಅದು ಕೂಡುವ ಕ್ರಿಯೆಯ ಹೆಸರಲ್ಲ, ಕೂಡುವ ಜನರ ಹೆಸರು.

ಇದಕ್ಕೆ ಭಾಷೆಯಲ್ಲೇ ಸಾಕ್ಷಿ ಇದೆ. ನಾವು ‘ಮನೆಯವರು’ ಅನ್ನುತ್ತೇವೆ, ‘ಊರವರು’, ‘ಓಣಿಯವರು’ ಅನ್ನುತ್ತೇವೆ. ‘ಮೀಟಿಂಗಿನವರು’ ಅಂತ ಯಾರೂ ಅನ್ನುವುದಿಲ್ಲ. ಎಲ್ಲಿ ಮನುಷ್ಯ ನೆಲೆ ನಿಂತಿದ್ದಾನೋ ಅಲ್ಲಿಗೆ ಮಾತ್ರ ಆ ‘-ಅವರು’ ಒಗ್ಗುತ್ತದೆ. ಬಾಗಲಕೋಟೆ, ವಿಜಯಪುರದ ಕ್ರೈಸ್ತರ ಬಾಯಲ್ಲಿ ‘ಅವ್ರು ನಮ್ಮ ಸಭಾದವರು’ ಎಂಬ ಮಾತು ‘ಅವ್ರು ನಮ್ಮ ಓಣ್ಯಾವ್ರು’ ಎಂಬಷ್ಟೇ ಸಲೀಸಾಗಿ ಬರುತ್ತದೆ.

ಮೂಲಕ್ಕೆ ಹೋದರೆ, ಸಂಸ್ಕೃತದ ‘ಸಭಾ’ ಪದಕ್ಕೆ ಜನರ ಕೂಟ ಎಂದೂ ಅರ್ಥ, ಅವರು ಕೂಡುವ ಭವನ ಎಂದೂ ಅರ್ಥ. ದುರ್ಯೋಧನ ನೆಲವೆಂದು ತಿಳಿದು ನೀರಿಗೆ ಬಿದ್ದ ಮಯಸಭೆ ಒಂದು ಕಟ್ಟಡ. ಹಾಗಾಗಿ ಕನ್ನಡ ಬೈಬಲಿನಲ್ಲಿ ಈ ಪದ ನೆಲೆಗೊಂಡಾಗ ಎರಡು ಅರ್ಥಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ಹಿಡಿಯಬೇಕಾಯಿತು. ಕಟ್ಟಡದ ಅರ್ಥ ‘ದೇವಾಲಯ’ಕ್ಕೆ ಹೋಯಿತು, ಯೆಹೂದ್ಯರ ಪ್ರಾರ್ಥನಾ ಸ್ಥಳಕ್ಕೆ ‘ಸಭಾಮಂದಿರ’ ಎಂಬ ಹೆಸರಾಯಿತು. ‘ಸಭೆ’ ಜನರ ಪಾಲಿಗೆ ಉಳಿಯಿತು. ಕನ್ನಡದ ಮೊದಲ ಪೂರ್ಣ ಬೈಬಲು 1831ರಲ್ಲಿ ಬಳ್ಳಾರಿಯಿಂದ ಬಂತು. ಅಂದರೆ ಕ್ರೈಸ್ತರು ಈ ಪದವನ್ನು ಹೊಸ ಅರ್ಥದಲ್ಲಿ ಉಜ್ಜುತ್ತ ಬಂದು ಹೆಚ್ಚುಕಡಿಮೆ ಎರಡು ಶತಮಾನವಾಗುತ್ತ ಬಂತು.

ಬೆಳಗಾವಿಯಲ್ಲಿ ನಾಲ್ಕು ವರ್ಷ ನೌಕರಿ ಮಾಡಿದವನು ನಾನು. ಅಲ್ಲಿನ ಕ್ಯಾಂಪಿನ ಕಡೆ ರವಿವಾರ ಮುಂಜಾನೆ ಕಿವಿಗೊಟ್ಟು ನಡೆದರೆ ಈ ಒಂದೇ ಸಂಗತಿಗೆ ಎಷ್ಟು ಹೆಸರು ಅಂತ ಸೋಜಿಗವಾಗುತ್ತದೆ. ಕೊಂಕಣಿಯವರು ಇಗರ್ಜಿಗೆ ಹೊರಡುತ್ತಾರೆ. ಅದು ಗೋವೆಯ ದಾರಿಯಲ್ಲಿ ಬಂದ ಪೋರ್ಚುಗೀಸ್ ಪದ, ಬೇರು ಗ್ರೀಕಿನ ‘ಎಕ್ಲೇಸಿಯಾ’. ಕನ್ನಡ ಬೈಬಲು ‘ಸಭೆ’ ಎಂದು ತಂದದ್ದೂ ಇದೇ ಪದವನ್ನು. ‘ಚರ್ಚ್’ ಎಂಬ ಇಂಗ್ಲಿಷ್ ಪದದ ಬೇರೂ ಗ್ರೀಕೇ, ಆದರೆ ಬೇರೆ ಪದ: ‘ಒಡೆಯನಿಗೆ ಸೇರಿದ್ದು’ ಅಂತ ಅರ್ಥ. ಮರಾಠಿಯವರದು ‘ಮಂಡಳಿ’. ಕನ್ನಡಿಗರಿಗೆ ಮಂಡಳಿ ಅಂದರೆ ಕರೆಂಟಿನ ಬಿಲ್ಲು, ಪರೀಕ್ಷೆಯ ಫಲಿತಾಂಶ ನೆನಪಾದರೆ, ಮರಾಠಿಯ ಮನೆಮಾತಿನಲ್ಲಿ ಮಂಡಳಿ ಅಂದರೆ ನಮ್ಮ ಮಂದಿ, ಮನೆ-ಬಳಗ. ಹಬ್ಬದ ದಿನ ಬಾಗಿಲಲ್ಲಿ ನಿಂತು ‘ಕಾಯ್ ಮಂಡಳಿ!’ ಎಂದು ಕರೆಯುವ ಪದವೇ ಬೈಬಲಿಗೂ ಹೋಗಿದೆ. ನನ್ನನ್ನು ಕೇಳಿದರೆ ನಾಲ್ಕರಲ್ಲಿ ಹೆಚ್ಚು ಬೆಚ್ಚಗಿರುವುದು ಅದೇ. ಕನ್ನಡದ ‘ಸಭೆ’ ಸ್ವಲ್ಪ ಬಿಗಿ ಉಡುಪು ತೊಟ್ಟ ಪದ. ಬಳಸಿ ಬಳಸಿ ಮೆತ್ತಗಾಗಿದೆ. ಕಥೋಲಿಕರು ಅದಕ್ಕೆ ‘ಧರ್ಮ’ ಸೇರಿಸಿ ‘ಧರ್ಮಸಭೆ’ ಎನ್ನುತ್ತಾರೆ. ಅವರ ಮಾತಿನಲ್ಲಿ ಸ್ಥಳೀಯ ಘಟಕ ‘ಧರ್ಮಕೇಂದ್ರ’, ಬಿಷಪ್ಪರ ವ್ಯಾಪ್ತಿ ‘ಧರ್ಮಪ್ರಾಂತ್ಯ’. ಬೆಳಗಾವಿ ಧರ್ಮಪ್ರಾಂತ್ಯ 1953ರಲ್ಲಿ ಆದದ್ದು.

‘ಎಕ್ಲೇಸಿಯಾ’ವನ್ನು ಬಿಡಿಸಿದರೆ ‘ಹೊರಗೆ ಕರೆಯಲ್ಪಟ್ಟವರು’ ಎಂದಾಗುತ್ತದೆ ಅಂತ ಪ್ರಸಂಗಗಳಲ್ಲಿ, ಅಂದರೆ ಆರಾಧನೆಯ ಉಪದೇಶಗಳಲ್ಲಿ, ಬಹಳ ಸಲ ಕೇಳಿದ್ದೇನೆ. ಧಾತುವಿನ ಮಟ್ಟಿಗೆ ಅದು ಸರಿ. ಆದರೆ ಕ್ರಿಸ್ತಪೂರ್ವದ ಅಥೆನ್ಸಿನಲ್ಲಿ ಅದಕ್ಕೆ ಯಾವ ಭಕ್ತಿಯ ಬಣ್ಣವೂ ಇರಲಿಲ್ಲ. ಪೌರರು ಗುಡ್ಡವೊಂದರ ಮೇಲೆ ಸೇರಿ ಯುದ್ಧ, ತೆರಿಗೆ, ಕಾನೂನು ತೀರ್ಮಾನಿಸುವ ಕೂಟವದು, ನಮ್ಮ ಗ್ರಾಮಸಭೆಯ ಅಣ್ಣ ಅನ್ನಿ. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 19ನೇ ಅಧ್ಯಾಯದಲ್ಲಿ ಎಫೆಸದ ಊರಕೂಟಕ್ಕೂ ಇದೇ ಪದ ಇದೆ. ಆ ಅಥೆನ್ಸಿನ ಕೂಟದಲ್ಲಿ ಗುಲಾಮರಿಗೆ ಜಾಗವಿಲ್ಲ, ಹೆಂಗಸರಿಗಿಲ್ಲ, ಪರಊರವರಿಗಿಲ್ಲ. ಮೊದಲ ಶತಮಾನದ ಕ್ರೈಸ್ತರು ಇಂಥ ಪದವನ್ನೇ ಎತ್ತಿಕೊಂಡು, ಯಾರಿಗೆ ಜಾಗವಿರಲಿಲ್ಲವೋ ಅವರನ್ನೂ ಒಳಗೆ ಕೂರಿಸಿ ಅದೇ ಹೆಸರಿಟ್ಟರು.

ಆ ಕಾಲದಲ್ಲಿ ಊರೂರು ತಿರುಗಿ ಸಭೆಗಳನ್ನು ಕಟ್ಟಿದ ಪೌಲನು ಫಿಲೆಮೋನನಿಗೆ ಬರೆದ, ಬೈಬಲಿನಲ್ಲಿರುವ ಪತ್ರ ಇದಕ್ಕೆ ನನಗೆ ಬಹಳ ಹಿಡಿಸಿದ ಉದಾಹರಣೆ. ಇಪ್ಪತ್ತೈದೇ ವಚನಗಳ ಪುಟ್ಟ ಪತ್ರ. ಫಿಲೆಮೋನನ ದಾಸ ಒನೇಸಿಮ ಅವನಿಂದ ದೂರವಾಗಿ ಪೌಲನ ಬಳಿ ಇದ್ದಾನೆ. ಅವನನ್ನು ಹಿಂದೆ ಕಳಿಸುತ್ತ, ಇನ್ನು ಮುಂದೆ ಅವನನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಸೇರಿಸಿಕೋ ಎಂದು ಪೌಲ ಕೇಳುತ್ತಾನೆ. ವಿಷಯ ಯಜಮಾನನೊಬ್ಬನ ಖಾಸಗಿ ವ್ಯವಹಾರ. ಆದರೆ ಪತ್ರದ ವಿಳಾಸ ನೋಡಿ: ಫಿಲೆಮೋನನಿಗೆ, ಇನ್ನಿಬ್ಬರಿಗೆ, ಮತ್ತು ಅವನ ಮನೆಯಲ್ಲಿ ಕೂಡುವ ಸಭೆಗೆ. ಅಂದರೆ ನಾಲ್ಕು ಮಂದಿಯ ಮುಂದೆ ಓದಲಿ ಅಂತಲೇ ಬರೆದದ್ದು! ನೀನು ಏನು ಮಾಡುತ್ತೀಯೋ ನಾವೆಲ್ಲ ನೋಡುತ್ತಿದ್ದೇವೆ ಎಂಬ ಸಣ್ಣ ಜಾಣತನ ಅದರಲ್ಲಿದೆ. ಸಭೆಯವನಾದ ಮೇಲೆ ಮನೆಯ ಒಳಗಿನದು ಪೂರ್ತಿ ಒಳಗೇ ಉಳಿಯುವುದಿಲ್ಲ.

ಇದು ಎಲ್ಲರಿಗೂ ಹಿತವಲ್ಲ ಎನ್ನುವುದನ್ನೂ ಹೇಳಬೇಕು. ನಮ್ಮ ಕಡೆಯ ಸಣ್ಣ ಸಭೆಗಳಲ್ಲಿ ಯಾರ ಮಗ ಎಲ್ಲಿ ಸುತ್ತುತ್ತಾನೆ, ಯಾರ ಮನೆಯಲ್ಲಿ ಜಗಳ, ಎಲ್ಲವೂ ಆರಾಧನೆ ಮುಗಿದು ಚಪ್ಪಲಿ ಹುಡುಕುವಷ್ಟರಲ್ಲಿ ಎಲ್ಲರಿಗೂ ಗೊತ್ತು. ಸಭಾ ಕಮಿಟಿಯ ಚುನಾವಣೆ ಬಂದರೆ ಪಂಚಾಯಿತಿ ಚುನಾವಣೆಯೇ ವಾಸಿ ಅನ್ನಿಸುವಂಥ ಗುಂಪುಗಾರಿಕೆ ನೋಡಿದ್ದೇನೆ. ಕೊರಿಂಥದ ಸಭೆಗೆ ಪೌಲ ಬರೆದದ್ದನ್ನು ಓದಿದರೆ ಇದು ಹೊಸದಲ್ಲ ಎಂದು ಗೊತ್ತಾಗುತ್ತದೆ. ಅಲ್ಲಿ ‘ನಾನು ಇವನ ಕಡೆ, ನಾನು ಅವನ ಕಡೆ’ ಎಂಬ ಬಣಗಳು. ಕರ್ತನ ಭೋಜನಕ್ಕೆ ಕೂಡಿದರೆ ಉಳ್ಳವರು ಮೊದಲೇ ಉಂಡು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಪೌಲ ಕೆಂಡವಾಗುತ್ತಾನೆ. ಆದರೂ ಪತ್ರದ ಮೊದಲಿಗೆ ಅವರನ್ನು ಕರೆದದ್ದು ‘ದೇವರ ಸಭೆ’ ಅಂತಲೇ. ಮುಂದೆ ಅದೇ ಪತ್ರದಲ್ಲಿ ಸಭೆಯನ್ನು ದೇಹಕ್ಕೆ ಹೋಲಿಸಿ, ಕಣ್ಣು ಕೈಗೆ ‘ನೀನು ಬೇಡ’ ಅನ್ನಲಾಗದು ಎನ್ನುತ್ತಾನೆ. ಜಗಳವಾಡುತ್ತಿದ್ದ ಜನಕ್ಕೆ ಹೇಳಿದ ಮಾತಾದ್ದರಿಂದಲೇ ಅದಕ್ಕೆ ತೂಕ.

ಇಲ್ಲಿ ಇನ್ನೊಂದು ಪದ ಪಕ್ಕಕ್ಕೆ ಬಂದು ನಿಲ್ಲುತ್ತದೆ: ‘ಅನ್ಯೋನ್ಯತೆ’. ಸಾಮಾನ್ಯ ಕನ್ನಡದಲ್ಲಿ ಗಂಡ-ಹೆಂಡತಿ ಅನ್ಯೋನ್ಯವಾಗಿದ್ದಾರೆ ಅನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಸಭೆಯಲ್ಲಿ ಅದು ಗ್ರೀಕಿನ ‘ಕೊಯಿನೋನಿಯಾ’ಕ್ಕೆ ನಿಂತ ಪದ, ‘ಕೊಯಿನೋಸ್’ ಅಂದರೆ ಎಲ್ಲರಿಗೂ ಸೇರಿದ್ದು. ಈ ಬಳಗದ ಪದಕ್ಕೆ ಲೂಕನ ಸುವಾರ್ತೆಯಲ್ಲಿ ಮೀನಿನ ವಾಸನೆಯಿದೆ: ಯಾಕೋಬ, ಯೋಹಾನರು ಸೀಮೋನನ ಪಾಲುಗಾರರು, ಕೂಡಿ ಮೀನು ಹಿಡಿಯುವವರು. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಜೆರುಸಲೇಮಿನ ಬಡವರಿಗಾಗಿ ಕೂಡಿಸಿದ ಹಣಕ್ಕೂ ಪೌಲ ‘ಕೊಯಿನೋನಿಯಾ’ ಅಂದಿದ್ದಾನೆ. ಹಾಗಾಗಿ ಕೈಕುಲುಕಿ ನಗುವುದಷ್ಟೇ ಅನ್ಯೋನ್ಯತೆ ಎಂದುಕೊಂಡರೆ ಅರ್ಧ ಅರ್ಥವೇ ಕೈಗೆ ಬಂದಂತೆ. ಪಾಲು ಇರಬೇಕು, ಬಲೆ ಎಳೆಯಲು ಕೈ ಬೇಕು, ಜೇಬೂ ಬೇಕು.

ನಮ್ಮ ಹೊಲಗಳ ‘ಮುಯ್ಯಾಳು’ ಪದ್ಧತಿ ಇದಕ್ಕೆ ಹತ್ತಿರದ್ದು ಅನ್ನಿಸಬಹುದು: ಇವತ್ತು ನಾನು ನಿಮ್ಮ ಜೋಳ ಕೊಯ್ಯಲು ಬಂದರೆ ನಾಳೆ ನೀವು ನಮ್ಮದಕ್ಕೆ. ಆದರೆ ಮುಯ್ಯಿಗೆ ಲೆಕ್ಕ ಇದೆ, ತೀರಿಸದಿದ್ದರೆ ಮಾತು ಬರುತ್ತದೆ. ಅನ್ಯೋನ್ಯತೆಯಲ್ಲಿ ತೀರಿಸಲಾಗದವನೂ ಪಾಲುಗಾರನೇ. ಕೂಡಲಸಂಗಮದ ನೆಲದವರಿಗೆ ‘ದಾಸೋಹ’ದ ಪಂಕ್ತಿ ಗೊತ್ತಿರುವುದರಿಂದ ಇದನ್ನು ಬಿಡಿಸಿ ಹೇಳುವ ಕಷ್ಟ ಕಡಿಮೆ.

ಇದು ನಿಜಕ್ಕೂ ಕಣ್ಣಿಗೆ ಕಾಣುವುದು ಸಾವಿನ ಮನೆಯಲ್ಲಿ. ಸತ್ತವರ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಬೀಗರು-ಬಿಜ್ಜರು ಬುತ್ತಿ ತರಬೇಕು. ಈ ಭಾಗದಲ್ಲಿ ಕ್ರೈಸ್ತರಾದ ಮೊದಲ ತಲೆಮಾರುಗಳ ಪಾಡು ಯೋಚಿಸಿ. 1820ರಲ್ಲಿ ಬೆಳಗಾವಿಯಲ್ಲಿ ಲಂಡನ್ ಮಿಷನ್ ಕೆಲಸ ಶುರುವಾಯಿತು, 1851ರಲ್ಲಿ ಖಣದ ಊರು ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್ ಬಂತು. ದೀಕ್ಷಾಸ್ನಾನ ಮಾಡಿಸಿಕೊಂಡವರ ಪಾಲಿಗೆ ಬಳಗದ ಬಾಗಿಲು ಮುಚ್ಚಿದರೆ ಬುತ್ತಿ ತರುವವರು ಯಾರು? ಹೆಣ ಹೊರುವವರು ಯಾರು? ಮಗಳಿಗೆ ಗಂಡು ನೋಡುವವರು ಯಾರು? ಸಭೆ ಆ ಖಾಲಿ ಜಾಗದಲ್ಲಿ ಬಂದು ನಿಂತಿತು. ನನ್ನ ಅಜ್ಜಿ ತೀರಿಕೊಂಡಾಗ ಮೂರು ದಿನ ನಮ್ಮ ಮನೆಗೆ ರೊಟ್ಟಿ, ಪುಂಡಿಪಲ್ಲೆ, ಅನ್ನ-ಸಾರು ತಂದವರಲ್ಲಿ ರಕ್ತಸಂಬಂಧಿಗಳು ಇಬ್ಬರೋ ಮೂವರೋ. ಉಳಿದವರೆಲ್ಲ ಸಭೆಯವರು. ಅವರಿಗೆ ನಾವು ಕಾಕಾ, ಮಾಮಾ, ಅತ್ತಿ, ಆಯಿ ಎಂದೇ ಕರೆಯುತ್ತಿದ್ದೆವು. ಅವರು ನಿಜವಾದ ಕಾಕಾ-ಮಾಮಾ ಅಲ್ಲ ಎಂದು ನನಗೆ ಗೊತ್ತಾದದ್ದು ಹೈಸ್ಕೂಲಿಗೆ ಹೋದ ಮೇಲೆ.

ಕೋರಂ ವಿಷಯ ಹೇಳುವುದು ಮರೆತೆ. ಯೆಹೂದ್ಯರಲ್ಲಿ ಸಾಮೂಹಿಕ ಪ್ರಾರ್ಥನೆಗೆ ಸಂಪ್ರದಾಯದಂತೆ ಹತ್ತು ಗಂಡಸರು ಬೇಕು. ಮತ್ತಾಯನ ಸುವಾರ್ತೆಯಲ್ಲಿ ಯೇಸು ತನ್ನ ಹೆಸರಿನಲ್ಲಿ ಇಬ್ಬರು ಮೂವರು ಕೂಡಿದಲ್ಲಿ ತಾನಿರುತ್ತೇನೆ ಎನ್ನುತ್ತಾನೆ. ನನ್ನ ಸಹೋದ್ಯೋಗಿಗೆ ಇದನ್ನು ಹೇಳಿದಾಗ, ‘ಎರಡಕ್ಕ ಕೋರಂ? ಭಾಳ ಸಸ್ತಾ ಆತು’ ಅಂದು ನಕ್ಕರು. ಸಸ್ತಾ ಹೌದು, ಆದರೆ ಒಂದಕ್ಕೆ ಇಳಿದಿಲ್ಲ. ‘ನಾನು ಮನ್ಯಾಗ ಒಬ್ಬನ ಪ್ರಾರ್ಥನಾ ಮಾಡ್ಕೋತೀನಿ, ಸಾಕು’ ಅನ್ನುವವರ ಪ್ರಾರ್ಥನೆ ಸುಳ್ಳಲ್ಲ. ಅದಕ್ಕೆ ಸಭೆ ಎಂಬ ಹೆಸರು ಒಪ್ಪುವುದಿಲ್ಲ, ಅಷ್ಟೇ. 2020ರ ಲಾಕ್‌ಡೌನಿನಲ್ಲಿ ಮೊಬೈಲು ಗೋಡೆಗೆ ಒರಗಿಸಿಟ್ಟು ಆರಾಧನೆ ನೋಡಿದೆವು. ಪ್ರಸಂಗ ಸ್ಪಷ್ಟವಾಗಿಯೇ ಕೇಳುತ್ತಿತ್ತು. ಪಕ್ಕದಲ್ಲಿ ರಾಗ ತಪ್ಪಿ ಹಾಡುವ ಆಯಿ ಮಾತ್ರ ಇರಲಿಲ್ಲ.

ಹೋಗುವುದಕ್ಕೂ ಸೇರುವುದಕ್ಕೂ ಇರುವ ಅಂತರ ನನಗೆ ತಿಳಿದದ್ದು ಬೆಳಗಾವಿಯಲ್ಲಿ. ದೊಡ್ಡದೊಂದು ದೇವಾಲಯಕ್ಕೆ ಎಂಟು ತಿಂಗಳು ತಪ್ಪದೆ ಹೋದೆ. ಹಿಂದಿನ ಬೆಂಚು, ಕಾಣಿಕೆ, ಆಶೀರ್ವಾದ, ಮನೆ. ಒಬ್ಬರಿಗೂ ನನ್ನ ಹೆಸರು ಗೊತ್ತಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಜ್ವರ ಬಂದು ಮೂರು ವಾರ ಮಲಗಿದೆ. ಯಾರೂ ಬರಲಿಲ್ಲ, ಬರಲು ಯಾರಿಗಾದರೂ ಗೊತ್ತಿದ್ದರೆ ತಾನೆ? ನನಗೆ ಸಿಟ್ಟು ಬಂತು. ಊರಿಗೆ ಫೋನ್ ಮಾಡಿ ಅವ್ವನ ಮುಂದೆ ಹೇಳಿಕೊಂಡರೆ ಆಕೆ ಕೇಳಿದ್ದು ಒಂದೇ ಮಾತು: ‘ಪತ್ರ ಕೊಟ್ಟೀಯೇನು?’

ಪತ್ರ ಅಂದರೆ ಒಂದು ಸಭೆಯಿಂದ ಇನ್ನೊಂದಕ್ಕೆ ಹೋಗುವಾಗ ಸಭಾಪಾಲಕರು ಬರೆದುಕೊಡುವ ಚೀಟಿ: ಇವರು ನಮ್ಮ ಸಭೆಯವರು, ನಿಮ್ಮಲ್ಲಿ ಸೇರಿಸಿಕೊಳ್ಳಿ. ಹಳೆಯ ಪದ್ಧತಿಯೇ. ಫೊಯಿಬೆ ಎಂಬ ಹೆಂಗಸನ್ನು ಚೆನ್ನಾಗಿ ಬರಮಾಡಿಕೊಳ್ಳಿ ಎಂದು ರೋಮಾಪುರದವರಿಗೆ ಪೌಲ ಬರೆದದ್ದೂ ಇಂಥದೇ ಶಿಫಾರಸು. ನನ್ನ ಪತ್ರ ಎಂಟು ತಿಂಗಳಿಂದ ಟ್ರಂಕಿನಲ್ಲಿ ಪದವಿ ಪ್ರಮಾಣಪತ್ರದ ಕೆಳಗಿತ್ತು. ಕೊಟ್ಟೆ. ಮುಂದಿನ ತಿಂಗಳು ಸುಗ್ಗಿ ಹಬ್ಬ. ಸಭೆಯವರು ತಂದ ಜೋಳ, ಕುಂಬಳ, ಬದನೆ, ಕೋಳಿಗಳ ಸವಾಲು, ಅಂದರೆ ಹರಾಜು, ನಡೆಯುವ ದಿನ. ಪಟ್ಟಿಯಲ್ಲಿ ನನ್ನ ಹೆಸರು ನೋಡಿದ ಹಿರಿಯರೊಬ್ಬರು, ‘ತಮ್ಮಾ, ನೀನು ಸಾರು ಬಡಸು’ ಅಂತ ಬಕೀಟು ಕೈಗೆ ಕೊಟ್ಟರು. ಅಂಗಿಯ ಮೇಲೆ ಸಾರು ಚೆಲ್ಲಿಕೊಂಡೆ. ಆ ಮಧ್ಯಾಹ್ನ ನನ್ನ ಹೆಸರು ಕೇಳದವರಿಲ್ಲ.

ಪಟ್ಟಿ ಅಂದೆನಲ್ಲ, ಅದರದ್ದೂ ಒಂದು ಮಾತು. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಮುಳುಗಡೆಯಾದಾಗ ಸರ್ಕಾರ ಮನೆಯ ಗೋಡೆ, ಚಾವಣಿ, ಗಿಡ-ಮರ ಅಳೆದು ಪರಿಹಾರ ಕೊಟ್ಟಿತು. ನೆರೆಹೊರೆಯನ್ನು ಅಳೆಯುವ ಟೇಪು ಯಾರ ಬಳಿಯೂ ಇರಲಿಲ್ಲ. ಗೋಡೆಗೆ ಗೋಡೆ ಅಂಟಿದ್ದವರು ನವನಗರದ ಬೇರೆ ಬೇರೆ ಸೆಕ್ಟರಿನ ಪಾಲಾದರು. ಆಗಿನ ಸಭೆಯ ವಹಿಯನ್ನು ನಾನು ನೋಡಿದ್ದೇನೆ. ಪ್ರತಿ ಕುಟುಂಬದ ಮುಂದಿನ ಹಳೆ ಓಣಿಯ ಹೆಸರಿಗೆ ಗೆರೆ ಎಳೆದು, ನೀಲಿ ಪೆನ್ನಿನಲ್ಲಿ ಸೆಕ್ಟರ್ ಮತ್ತು ಪ್ಲಾಟ್ ನಂಬರ್ ಬರೆದಿದೆ. ಕೆಲವಕ್ಕೆ ಎರಡು ಸಲ ಗೆರೆ.

ಸತ್ತವರ ಹೆಸರುಗಳಿಗೆ ಮಾತ್ರ ಎಲ್ಲೂ ಗೆರೆಯಿಲ್ಲ. ಪಕ್ಕದಲ್ಲಿ ತಾರೀಖು ಬರೆದು ಬಿಟ್ಟಿದ್ದಾರೆ. ಯಾಕೆ ಎಂದು ಸಭಾಪಾಲಕರನ್ನು ಕೇಳಿದೆ. ‘ವಿಶ್ವಾಸ ಪ್ರಮಾಣದಾಗ ಪರಿಶುದ್ಧರ ಅನ್ಯೋನ್ಯತೆ ಅಂತ ಪ್ರತಿ ವಾರ ಹೇಳ್ತಿಯಲ್ಲ, ಅದರಾಗ ಅವ್ರೂ ಬಂದ್ರು’ ಅಂದರು. ಮೂವತ್ತೆರಡನೇ ಪುಟದಲ್ಲಿ ನಮ್ಮ ಅಜ್ಜಿಯ ಹೆಸರಿದೆ. ಮುಂದೆ ಸೆಕ್ಟರ್ ನಂಬರೂ ಇದೆ.