ಹಳದಿ ಬೇರೆ, ಪೆಡಸು ಬೇರೆ: ಹಳೆಯ ಕಾಮಿಕ್ಸ್ ಕಾಗದದ ಟಿಪ್ಪಣಿ

ಹಳೆಯ ಕಾಮಿಕ್ಸ್ ಕೊಳ್ಳುವವರು ಮೊದಲು ನೋಡುವುದು ಒಳಪುಟದ ಬಣ್ಣವನ್ನು. ಅಮೆರಿಕದಲ್ಲಿ 2000ದಲ್ಲಿ ಶುರುವಾದ ಸಿಜಿಸಿ ಸಂಸ್ಥೆ ಕಾಮಿಕ್ಸ್‌ಗಳಿಗೆ 0.5ರಿಂದ 10.0ರ ವರೆಗೆ ದರ್ಜೆ ಕೊಡುತ್ತದೆ, ಪುಟದ ಸ್ಥಿತಿಯನ್ನು ಮಾತ್ರ ಪ್ರತ್ಯೇಕವಾಗಿ ನಮೂದಿಸುತ್ತದೆ: ಬಿಳಿ, ಮಾಸಲು ಬಿಳಿ, ಕೆನೆ ಬಣ್ಣ, ಕಂದು, ಕೊನೆಯಲ್ಲಿ ಪೆಡಸು. ಇವೆಲ್ಲ ಒಂದೇ ಸಾಲಿನಲ್ಲಿ ಇರುವುದರಿಂದ ಹಳದಿ ಹೆಚ್ಚಾಗುತ್ತಾ ಹೋಗಿ ಪೆಡಸಾಗುತ್ತದೆ ಎಂದೇ ಯಾರಿಗಾದರೂ ಅನಿಸುತ್ತದೆ. ಹಾಗಲ್ಲ. ಕಾಗದದೊಳಗೆ ಎರಡು ಬೇರೆ ಬೇರೆ ಕ್ರಿಯೆಗಳು ನಡೆಯುತ್ತವೆ. ಎರಡೂ ಸಾಮಾನ್ಯವಾಗಿ ಜೊತೆಗೇ ಸಾಗುವುದರಿಂದ ಒಂದೇ ಎಂಬಂತೆ ಕಾಣುತ್ತದೆ.

ಹಳದಿ

ಇದು ಸುಲಭ. ಅಗ್ಗದ ಪತ್ರಿಕಾ ಕಾಗದವನ್ನು ಮರವನ್ನು ಅರೆದು ಮಾಡುತ್ತಾರೆ, ಮರದ ನಾರುಗಳನ್ನು ಬೆಸೆದಿಡುವ ಲಿಗ್ನಿನ್ ಎಂಬ ವಸ್ತು ಅದರಲ್ಲೇ ಉಳಿಯುತ್ತದೆ. ಬೆಳಕು, ಅದರಲ್ಲೂ ಅತಿನೇರಳೆ ಕಿರಣ, ಮತ್ತು ಆಮ್ಲಜನಕ ತಗುಲಿದಾಗ ಲಿಗ್ನಿನ್ ಬಣ್ಣದ ಅಣುಗಳಾಗಿ ಬದಲಾಗುತ್ತದೆ. ನಮ್ಮ ಕಡೆಯ ಅಟ್ಟಗಳಲ್ಲಿ ಸಿಗುವ 1964ರ ನಂತರದ ಇಂದ್ರಜಾಲ ಕಾಮಿಕ್ಸ್ ಆಗಲಿ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ಅಮರ ಚಿತ್ರ ಕಥೆಯ ಹಳೆಯ ಸಂಚಿಕೆಗಳಾಗಲಿ, ಅಂಚಿನಲ್ಲಿ ಹೆಚ್ಚು ಕಂದಿ ನಡುವೆ ತಿಳಿಯಾಗಿದ್ದರೆ ಹೊರಗಿನ ಗಾಳಿ ಬೆಳಕಿನ ಪಾಲು ದೊಡ್ಡದು ಎಂದು ನಾನು ಓದಿಕೊಳ್ಳುತ್ತೇನೆ. ಪುಟವಿಡೀ ಒಂದೇ ಸಮ ಕಂದಿದ್ದರೆ ಕಾಗದದ ಒಳಗಿನ ದೋಷವನ್ನೇ ಶಂಕಿಸಬೇಕು. ಇದು ನನ್ನ ಅಚ್ಚುಮೆಚ್ಚಿನ ಅಡ್ಡದಾರಿ, ಪ್ರಯೋಗಾಲಯದ ಪರೀಕ್ಷೆಯಲ್ಲ.

ಪೆಡಸು: ನನ್ನನ್ನು ಎಡವಿಸಿದ ಹೆಜ್ಜೆ

ಕಾಗದಕ್ಕೆ ಗಟ್ಟಿತನ ಕೊಡುವುದು ಸೆಲ್ಯುಲೋಸ್. ಗ್ಲೂಕೋಸ್ ಘಟಕಗಳು ಒಂದಕ್ಕೊಂದು ಆಮ್ಲಜನಕದ ಕೊಂಡಿಯಿಂದ ಸೇರಿ ಆದ ಉದ್ದನೆಯ ಸರಪಳಿ ಅದು. ಸರಪಳಿ ತುಂಡಾದಷ್ಟೂ ಕಾಗದ ಮಡಚಿದಲ್ಲಿ ಮುರಿಯುತ್ತದೆ. ತುಂಡರಿಸುವುದು ಆಮ್ಲ. ಇಷ್ಟನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಕಾಗದಕ್ಕೆ ಶಾಯಿ ಹರಡದಂತೆ ಹಾಕುತ್ತಿದ್ದ ರಾಳ ಮತ್ತು ಅಲ್ಯೂಮಿನಿಯಂ ಸಲ್ಫೇಟ್‌ನಿಂದ ಈ ಆಮ್ಲ ಬರುತ್ತದೆ ಎಂಬುದನ್ನೂ ಹೇಳುತ್ತವೆ. ಆದರೆ ನನಗೆ ಬಿಡಿಸಲಾಗದೆ ಉಳಿದ ಪ್ರಶ್ನೆ ಇದು: ಅಷ್ಟು ಸ್ವಲ್ಪ ಆಮ್ಲ ಅರವತ್ತು ವರ್ಷ ಹೇಗೆ ಸಾಲುತ್ತದೆ? ಖರ್ಚಾಗಿ ಮುಗಿಯಬೇಡವೇ?

ಉತ್ತರ ನಿಧಾನವಾಗಿ ಬರೆಯುತ್ತೇನೆ. ಆಮ್ಲದ ಹೈಡ್ರೋಜನ್ ಅಯಾನು ಬಂದು ಎರಡು ಗ್ಲೂಕೋಸ್ ನಡುವಿನ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತದೆ. ಕೊಂಡಿ ದುರ್ಬಲವಾಗಿ ಕಡಿಯುತ್ತದೆ. ಕಡಿದ ಒಂದು ತುದಿಯಲ್ಲಿ ಧನ ವಿದ್ಯುದಂಶ ಉಳಿಯುತ್ತದೆ. ಅಲ್ಲಿಗೆ ನೀರಿನ ಒಂದು ಅಣು ಬಂದು ಸೇರುತ್ತದೆ ಮತ್ತು ಸೇರುವಾಗ ತನ್ನದೊಂದು ಹೈಡ್ರೋಜನ್ ಅಯಾನನ್ನು ಹೊರಗೆ ಬಿಡುತ್ತದೆ. ಲೆಕ್ಕ ಹಾಕಿ ನೋಡಿ: ಒಳಗೆ ಹೋದದ್ದು ಒಂದು ಅಯಾನು, ಹೊರಗೆ ಬಂದದ್ದು ಒಂದು ಅಯಾನು. ಆಮ್ಲ ಹಾಗೆಯೇ ಇದೆ, ಮುಂದಿನ ಕೊಂಡಿಗೆ ಹೋಗುತ್ತದೆ. ನಿಜವಾಗಿ ಖರ್ಚಾದದ್ದು ನೀರು. ಜೊತೆಗೆ ಕಾಗದ ಹಾಳಾಗುವಾಗ ಅಸಿಟಿಕ್, ಫಾರ್ಮಿಕ್ ಆಮ್ಲಗಳು ಹೊಸದಾಗಿ ಹುಟ್ಟುವುದರಿಂದ ಆಮ್ಲ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಆಮ್ಲೀಯತೆಯ ಅಳತೆಯಾದ ಪಿಎಚ್ 7ರಿಂದ 5ಕ್ಕೆ ಇಳಿದರೆ ಅಯಾನುಗಳು ನೂರು ಪಟ್ಟು ಏರುತ್ತವೆ ಎಂಬುದನ್ನೂ ಇಲ್ಲೇ ನೆನಪಿಡಬೇಕು. ಎರಡು ಅಂಕಿಯ ವ್ಯತ್ಯಾಸವೆಂದು ಬಿಟ್ಟುಬಿಡುವಂಥದ್ದಲ್ಲ.

ಇದರಿಂದ ಎರಡು ವಿಷಯ ತಿಳಿಯುತ್ತವೆ. ಬಿಳಿಚುಗೊಳಿಸುವ ರಾಸಾಯನಿಕ ಬಣ್ಣವನ್ನಷ್ಟೇ ತೆಗೆಯುತ್ತದೆ, ತುಂಡಾದ ಸರಪಳಿಯನ್ನು ಜೋಡಿಸುವುದಿಲ್ಲ. ಹಾಗಾಗಿ ಬೆಳ್ಳಗಿರುವ ಪುಟವೂ ಪೆಡಸಾಗಿರಬಹುದು. ಆಮ್ಲ ತೆಗೆಯುವ ಕ್ಷಾರ ಚಿಕಿತ್ಸೆಯೂ ಮುಂದಿನ ಹಾನಿಯನ್ನು ನಿಧಾನಿಸುತ್ತದೆಯೇ ಹೊರತು ಆದದ್ದನ್ನು ಸರಿಪಡಿಸುವುದಿಲ್ಲ. ಎರಡನೆಯದು ನಮ್ಮ ಊರಿಗೆ ಸಂಬಂಧಿಸಿದ್ದು: ನೀರೇ ಕಚ್ಚಾವಸ್ತುವಾದರೆ ಮಂಗಳೂರಿನ ಮಳೆಗಾಲ ಅದನ್ನು ಧಾರಾಳವಾಗಿ ಒದಗಿಸುತ್ತದೆ.

ಆಟಿಯಲ್ಲಿ ಮೋಸ ಮಾಡುವ ಕಾಗದ

ಜುಲೈ, ಆಗಸ್ಟ್‌ನಲ್ಲಿ ಹಳೆಯ ಕಾಮಿಕ್ಸ್ ಮುಟ್ಟಿ ನೋಡಿದರೆ ಪುಟ ಮೆತ್ತಗೆ ಬಾಗುತ್ತದೆ, ಪೆಡಸಿಲ್ಲ ಎಂದು ಅನಿಸುತ್ತದೆ. ಹಲಸಿನ ಹಪ್ಪಳ ಆಟಿಯಲ್ಲಿ ತೆರೆದಿಟ್ಟರೆ ಮೆತ್ತಗಾಗುವುದಿಲ್ಲವೇ, ಹಾಗೆಯೇ ಇದು. ತೇವ ಸೆಲ್ಯುಲೋಸನ್ನು ತಾತ್ಕಾಲಿಕವಾಗಿ ಬಳುಕಿಸುತ್ತದೆ ಅಷ್ಟೆ. ಸರಪಳಿ ಎಷ್ಟು ತುಂಡಾಗಿದೆ ಎಂಬುದು ಜನವರಿಯ ಒಣ ಮಧ್ಯಾಹ್ನ ಹೆಚ್ಚು ಚೆನ್ನಾಗಿ ಗೊತ್ತಾಗುತ್ತದೆ. ಖರೀದಿಸುವವರು ಸಾಧ್ಯವಾದರೆ ಆ ಕಾಲದಲ್ಲೇ ನೋಡುವುದು ಒಳ್ಳೆಯದು. ಮೂಲೆ ಮಡಚಿ ಪರೀಕ್ಷಿಸುವುದು ಮಾತ್ರ ಬೇಡ, ಅದೇ ಹಾನಿ.

ಸಿಲಿಕಾ ಜೆಲ್ ಲೆಕ್ಕ

ಕಾಮಿಕ್ಸ್ ಪೆಟ್ಟಿಗೆಯಲ್ಲಿ ತೇವ ಹೀರಲು ಇಡುವ ಸಿಲಿಕಾ ಜೆಲ್ ಹರಳು ಎಷ್ಟು ಬೇಕು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ಉದ್ದವಾಗಿ ಬರೆಯುತ್ತೇನೆ. ಪೆಟ್ಟಿಗೆಯೊಳಗಿನ ಗಾಳಿಯಲ್ಲಿ ನೀರು ಬಹಳ ಕಡಿಮೆ: 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 30 ಗ್ರಾಂ ನೀರು ಹಿಡಿಯುತ್ತದೆ. 20 ಲೀಟರ್ ಪೆಟ್ಟಿಗೆಗೆ ಇದು ಒಂದು ಗ್ರಾಂ ಕೂಡ ಆಗುವುದಿಲ್ಲ. ನೀರಿರುವುದು ಕಾಗದದೊಳಗೆ. ಶೇ. 50 ಆರ್ದ್ರತೆಯಲ್ಲಿ ಕಾಗದದ ತೂಕದ ಸುಮಾರು ಶೇ. 7 ನೀರು, ಶೇ. 85ರ ಮಳೆಗಾಲದ ಗಾಳಿಯಲ್ಲಿ ಸುಮಾರು ಶೇ. 12 ಎಂದಿಟ್ಟುಕೊಳ್ಳಿ. 5 ಕಿಲೋ ಕಾಮಿಕ್ಸ್ ಇದ್ದರೆ ತೆಗೆಯಬೇಕಾದದ್ದು 250 ಗ್ರಾಂ. ಸಿಲಿಕಾ ಜೆಲ್ ಆ ಮಟ್ಟದಲ್ಲಿ ತನ್ನ ತೂಕದ ಐದನೇ ಒಂದು ಭಾಗದಷ್ಟು ಹೀರಿದರೂ ಒಂದು ಕಿಲೋಗಿಂತ ಹೆಚ್ಚು ಬೇಕು. ಚಪ್ಪಲಿ ಪೆಟ್ಟಿಗೆಯಿಂದ ಉಳಿಸಿಕೊಂಡ 5 ಗ್ರಾಂ ಚೀಟಿ ಒಂದು ಗ್ರಾಂ ಹೀರಿ ಸುಮ್ಮನಾಗುತ್ತದೆ. ಅದಕ್ಕಿಂತ ಜನವರಿ, ಫೆಬ್ರುವರಿಯ ಒಣ ಮಧ್ಯಾಹ್ನಗಳಲ್ಲಿ ಕೋಣೆಯ ನೆರಳಲ್ಲಿ ಕೆಲವು ದಿನ ಹರವಿ, ಕಾಗದವೇ ಒಣಗಿದ ಮೇಲೆ ಮುಚ್ಚಿಡುವುದು ಬುದ್ಧಿವಂತಿಕೆ. ಜೂನ್‌ನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಟಿಸಿದರೆ ಆ ಶೇ. 12 ನೀರನ್ನೇ ಜೊತೆಗೆ ಬಂಧಿಸಿದಂತೆ. ಗಾಳಿಯ ಆರ್ದ್ರತೆ ಶೇ. 65, 70 ದಾಟಿದರೆ ಬೂಷ್ಟು ಬೆಳೆಯಲು ಬೇರೇನೂ ಬೇಕಿಲ್ಲ.

ಉಳಿದದ್ದು

ಚೀಲ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಆಗಿರಲಿ. ಪಿವಿಸಿ ಬೇಡ, ಅದು ಕಾಲಕ್ರಮೇಣ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಹಿಂದಿಡುವ ರಟ್ಟು ಆಮ್ಲರಹಿತವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ್ದಾಗಿರಬೇಕು. ಮರದ ಕಪಾಟು ಅಸಿಟಿಕ್ ಆಮ್ಲ ಬಿಡುವುದರಿಂದ ಉಕ್ಕಿನ ಕಪಾಟು ಮೇಲು, ಹೊರಗೋಡೆಗೆ ತಾಗದಂತೆ. ಹಂಚಿನ ಮಾಡಿನ ಕೆಳಗಿನ ಅಟ್ಟ ಏಪ್ರಿಲ್‌ನಲ್ಲಿ ಕಾಯುತ್ತದೆ; ಶಾಖ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಅಂದಾಜು ಇಲ್ಲಿಗೂ ಅನ್ವಯಿಸುತ್ತದೆ.

1977ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಹೊರಬಂದ ಎಡ್ಗರ್ ಚರ್ಚ್ ಎಂಬವರ ಕಾಮಿಕ್ಸ್ ಸಂಗ್ರಹ ಇಂದಿಗೂ ಬಿಳಿ ಪುಟಗಳಿಗೆ ಮಾದರಿ ಎನಿಸಿದೆ. ಅಲ್ಲಿನ ಒಣ, ತಂಪು ಹವೆ, ಒಂದರ ಮೇಲೊಂದು ಒತ್ತಾಗಿ ಪೇರಿಸಿದ್ದರಿಂದ ಗಾಳಿ ಬೆಳಕು ತಾಕದಿದ್ದದ್ದು ಕಾರಣ. ಒಣ ಹವೆಯನ್ನು ನಾವು ಕರಾವಳಿಗೆ ತರಲಾಗದು, ಒತ್ತಾಗಿ ಪೇರಿಸುವುದನ್ನು ಮಾಡಬಹುದು. ಇನ್ನು ಪಿನ್: ಕಡಲ ಗಾಳಿಯ ಉಪ್ಪಿನಂಶದಿಂದ ಅವು ಬೇಗ ತುಕ್ಕು ಹಿಡಿಯುತ್ತವೆ, ತುಕ್ಕು ಸುತ್ತಲಿನ ಕಾಗದಕ್ಕೆ ಇಳಿದು ಕಲೆಯಾಗುತ್ತದೆ, ಅದರ ಕಬ್ಬಿಣ ಸೆಲ್ಯುಲೋಸಿನ ಕ್ಷಯವನ್ನೂ ಚುರುಕಾಗಿಸುತ್ತದೆ. ಬದಲಿಸುವ ಆಸೆಯಾದರೂ ಮೂಲ ಪಿನ್ ತೆಗೆದದ್ದನ್ನು ದರ್ಜೆ ನೀಡುವವರು ದುರಸ್ತಿ ಎಂದು ನಮೂದಿಸಬಹುದು, ಆದ್ದರಿಂದ ಮಾರುವ ಉದ್ದೇಶವಿದ್ದರೆ ಮುಟ್ಟದೆ ಇರುವುದೇ ವಾಸಿ.