1.60 ಕೋಟಿ ಫ್ಲ್ಯಾಟಿಗೆ 1.60 ಕೋಟಿ ಇನ್ಶೂರೆನ್ಸ್ ಬೇಕಾ? ಬೇಡ ಮಾರಾಯ್ರೆ!

ಪ್ರಶ್ನೆ: ಮುಂಬೈಯ ಮುಲುಂಡ್‌ನಲ್ಲಿ 600 ಚದರಡಿ ಕಾರ್ಪೆಟ್ ಏರಿಯಾದ (ಗೋಡೆಗಳ ಒಳಗಿನ ನೆಲ) ಫ್ಲ್ಯಾಟ್ ತಗೊಂಡಿದ್ದೀವಿ, 1.60 ಕೋಟಿ ಆಯ್ತು. ಪೂರ್ತಿ ಅಷ್ಟಕ್ಕೇ ಇನ್ಶೂರೆನ್ಸ್ ಮಾಡಿಸ್ಬೇಕಾ? ಒಳಗಿನ ಸಾಮಾನಿಗೆ ಏನ್ ಮಾಡೋದು?

ಮಾಟುಂಗಾದಿಂದ ಡೊಂಬಿವಿಲಿವರೆಗೆ ಯಾರ ಗೃಹಪ್ರವೇಶಕ್ಕೆ ಹೋದ್ರೂ ಎಲೆ ಮುಂದೆ ಕೂತ ತಕ್ಷಣ ಇದೇ ಪ್ರಶ್ನೆ, ನನಗೆ ಸಾರು ಕಲಸೋಕೂ ಬಿಡಲ್ಲ. ಸರಿ, ಇನ್ನೊಂದ್ ಸಲ ಹೇಳ್ತೀನಿ.

ನೀವು ಕೊಟ್ಟ ದುಡ್ಡಲ್ಲಿ ಬಹುಪಾಲು ಹೋಗಿದ್ದು ಜಾಗಕ್ಕೆ, ಸ್ಟೇಶನ್ನಿಗೆ ನಡೆದು ಹೋಗ್ಬಹುದು ಅನ್ನೋದಕ್ಕೆ. ಮನೆಗೆ ಬೆಂಕಿ ಬಿದ್ರೆ ಸ್ಟೇಶನ್ ದೂರ ಹೋಗುತ್ತಾ? ಇನ್ಶೂರೆನ್ಸ್ ಇರೋದು ಗೋಡೆ, ಸ್ಲ್ಯಾಬು, ಟೈಲ್ಸು, ವೈರಿಂಗು ಇವನ್ನೆಲ್ಲ ಹೊಸದಾಗಿ ಕಟ್ಟಿಸೋ ಖರ್ಚಿಗೆ. 2021ರ ಏಪ್ರಿಲ್ 1ರಿಂದ ಬಂದಿರೋ ಭಾರತ್ ಗೃಹ ರಕ್ಷಾ ಅನ್ನೋ ಮನೆ ಇನ್ಶೂರೆನ್ಸ್ ಪಾಲಿಸಿಯಲ್ಲಿ ಲೆಕ್ಕ ಸೀದಾ ಇದೆ, ಕಾರ್ಪೆಟ್ ಏರಿಯಾ ಗುಣಿಸು ಇವತ್ತಿನ ಕಟ್ಟೋ ರೇಟು. ಚದರಡಿಗೆ 3000 ಅಂತ ಹಿಡೀರಿ, 18 ಲಕ್ಷ. ಅಷ್ಟೇ! "ಹಂಗಾದ್ರೆ ಉಳಿದ 1.42 ಕೋಟಿ ಮುಳುಗಿತಾ" ಅಂತ ಮುಖ ಸಣ್ಣ ಮಾಡ್ಕೋತಾರೆ, ಅರೆ, ಜಾಗ ಸುಡಲ್ಲ ಸ್ವಾಮಿ, ಅದು ಅಲ್ಲೇ ಇರುತ್ತೆ. ಮಾರ್ಕೆಟ್ ರೇಟಿಗೆ ಪ್ರೀಮಿಯಮ್ ಕಟ್ಟೋದು ಅಂದ್ರೆ ಸುಡದೇ ಇರೋ ಮಣ್ಣಿಗೆ ಕಟ್ಟಿದ ಹಾಗೆ.

ಸಾಮಾನು ಇದೇ ಪಾಲಿಸಿಯಲ್ಲಿ ಬರುತ್ತೆ, ಕಟ್ಟಡದ ಮೊತ್ತದ 20%, ಹೆಚ್ಚಂದ್ರೆ 10 ಲಕ್ಷ. ನಿಮ್ಮ ಲೆಕ್ಕದಲ್ಲಿ 3.60 ಲಕ್ಷ ಆಯ್ತು, ಸಾಲ್ದಿದ್ರೆ ಪಟ್ಟಿ ಕೊಟ್ಟು ಜಾಸ್ತಿ ಮಾಡ್ಸಿ. ಗ್ರೌಂಡ್ ಫ್ಲೋರ್‌ನವರಂತೂ ಮಾಡಿಸ್ಲೇಬೇಕು, 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಬಿದ್ದಿದ್ದು ನೋಡಿದವರಿಗೆ ಬಿಡಿಸಿ ಹೇಳೋದೇ ಬೇಡ. ಒಡವೆಗೆ ಬೇರೆ ಕವರ್ ಸೇರಿಸ್ಬೇಕು. ಮಾಮೂಲಿ ಕಳ್ಳತನ ಇದರಲ್ಲಿಲ್ಲ, ಬೆಂಕಿನೋ ಪ್ರವಾಹನೋ ಆಗಿ ಅದರಿಂದಾಗಿ 7 ದಿನದೊಳಗೆ ಕಳುವಾದ್ರೆ ಮಾತ್ರ, ಇಲ್ದಿದ್ರೆ ಬರ್ಗ್ಲರಿ ಕವರ್ ಬೇರೆ ತಗೋಬೇಕು. ಪೈಪ್ ಒಡೆದು ನೀರು ನುಗ್ಗಿದ್ರೆ ಕ್ಲೇಮ್ ಸಿಗುತ್ತೆ, ಮೇಲಿನವರ ಬಾತ್‌ರೂಮಿಂದ ವರ್ಷಗಟ್ಲೆ ಒಸರೋ ಲೀಕೇಜಿಗೆ ಸಿಗಲ್ಲ, ಅದಕ್ಕೆ ಹೌಸಿಂಗ್ ಸೊಸೈಟಿ ಮೀಟಿಂಗಲ್ಲಿ ಜಗಳಾನೇ ಗತಿ.

ಹಾಂ, ಸೊಸೈಟಿದು ಇನ್ಶೂರೆನ್ಸ್ ಇದೆ ಅಂತೀರಾ? ಇರ್ಲಿ, ಅದು ಕಟ್ಟಡಕ್ಕೆ, ನಿಮ್ಮ ಫ್ರಿಜ್ಜಿಗಲ್ಲ. ಆದ್ರೂ ಅದರ ಕಾಪಿ ಇಸ್ಕೊಂಡು ನಿಮ್ಮ ಗೋಡೆಗಳು ಅದರಲ್ಲಿ ಎಷ್ಟಕ್ಕೆ ಸೇರಿವೆ ನೋಡಿ, ಒಂದೇ ಗೋಡೆಗೆ ಎರಡು ಕಡೆಯಿಂದ ದುಡ್ಡು ಬರಲ್ಲ.

ಅಂದಹಾಗೆ ಜಾಗ ಅಲ್ಲೇ ಇರುತ್ತೆ ಅಂದೆನಲ್ಲ, ಅದು ಯಾರ ಹೆಸರಲ್ಲಿದೆ ಅಂತ ನೀವು ಕೇಳ್ಲಿಲ್ಲ, ಯಾರೂ ಕೇಳಲ್ಲ. ಮಹಾರಾಷ್ಟ್ರದ 1963ರ ಫ್ಲ್ಯಾಟ್ ಮಾಲೀಕತ್ವ ಕಾಯ್ದೆ ಪ್ರಕಾರ ಬಿಲ್ಡರ್ ಜಾಗಾನ ಸೊಸೈಟಿಗೆ ಬರೆದುಕೊಡ್ಬೇಕು (ಕನ್ವೇಯನ್ಸ್ ಅನ್ನೋದು ಇದಕ್ಕೇ), ಎಷ್ಟೋ ಕಡೆ ಕೊಟ್ಟೇ ಇರಲ್ಲ. ಕೊಡದಿದ್ರೆ ಡೀಮ್ಡ್ ಕನ್ವೇಯನ್ಸ್‌ಗೆ, ಅಂದ್ರೆ ಬಿಲ್ಡರ್ ಸಹಿ ಇಲ್ದೇನೂ ಜಾಗ ತನ್ನ ಹೆಸರಿಗೆ ಮಾಡ್ಕೊಳ್ಳೋಕೆ, ಸೊಸೈಟಿನೇ ಸಹಕಾರ ಇಲಾಖೆಯ ಜಿಲ್ಲಾ ಡೆಪ್ಯುಟಿ ರಿಜಿಸ್ಟ್ರಾರ್ ಹತ್ರ ಅರ್ಜಿ ಹಾಕ್ಬಹುದು. ಪಾಲಿಸಿ ಕಾಪಿ ಕೇಳೋಕೆ ಹೋದಾಗ ಸೆಕ್ರೆಟರಿ ಹತ್ರ ಇದನ್ನೂ ಕೇಳ್ಬಿಡಿ, ಅವರು ಮಾತು ಬದಲಿಸಿ ಚಹಾ ತರಿಸಿದ್ರೆ ಕನ್ವೇಯನ್ಸ್ ಆಗಿಲ್ಲ ಅಂತ ತಿಳ್ಕೊಳ್ಳಿ.